ಒಂದು ಬಾಯಿ ಮುಚ್ಚಿದ ಸುರಂಗ

ಷಡ್ಡಕನ ಸುದ್ದಿ ಎತ್ತಿದರೆ ಸಾಕು, ದೊಡ್ಡಳಿಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಸ್ಪತ್ರೆಯ ಹಳೆ ಕಟ್ಟಡದ ನೆಟ್‌ವರ್ಕ್ ಉಸ್ತುವಾರಿ ಇವನದು, ಹೊಸ ಕಟ್ಟಡದ್ದು ಹೆಂಡತಿಯ ತಂಗಿಯ ಗಂಡನದು. ಅವನನ್ನು ಕೆಲಸಕ್ಕೆ ಸೇರಿಸಿದ್ದೂ ಇವನೇ! ಈಗ ಮಾವನವರು ಊಟಕ್ಕೆ ಕೂತಾಗಲೆಲ್ಲ ಚಿಕ್ಕಳಿಯನ ಗುಣಗಾನ. ದೊಡ್ಡಳಿಯ ತಲೆ ಬಗ್ಗಿಸಿ ತಟ್ಟೆ ನೋಡಬೇಕು.

ಕಟ್ಟಡಗಳ ನಡುವಿನ ಸೇತುವೆ ದಾಟಿದರೆ ನರ್ಸ್‌ಗಳ ಫೋನ್ ಮಾತು ಅರ್ಧಕ್ಕೇ ಕಡಿದುಹೋಗುತ್ತಿತ್ತು. ಆ ಕಡೆಯ ವೈಫೈ ಬೇರೆ ಜಾಲದ್ದು, ಫೋನಿಗೆ ಬೇರೆ ವಿಳಾಸ ಕೊಟ್ಟುಬಿಡುತ್ತಿತ್ತು. ಚಿಕ್ಕಳಿಯ ಉಪಾಯ ಹೇಳಿದ: ಫೋನು ಹಳೆ ವಿಳಾಸದಲ್ಲೇ ಇರಲಿ, ಎರಡು ಕಡೆಯ ವೈಫೈ ಪೆಟ್ಟಿಗೆಗಳ ನಡುವೆ ಸುರಂಗದ ಹಾಗೆ ಒಂದು ಟನಲ್ ಹಾಕೋಣ, ಮಾತು ಅದರೊಳಗೇ ಹೋಗಿ ಬರಲಿ. ಇದು ಗೆದ್ದರೆ ಎರಡೂ ಕಟ್ಟಡ ಅವನ ಕೈಗೇ ಎಂದರು ಮ್ಯಾನೇಜರ್. ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ ಎಂದು ದೊಡ್ಡಳಿಯ ಒಳಗೊಳಗೇ ಕುದಿದ.

ಟನಲ್‌ನ ಒಂದೊಂದು ಬಾಯಿಗೂ ಎದುರು ಬಾಯಿಯ ವಿಳಾಸ ತುಂಬಬೇಕು. ತನ್ನ ಕಡೆ ದೊಡ್ಡಳಿಯ ಕೊನೆಯ ಅಂಕಿಯನ್ನು ಬೇಕೆಂದೇ ತಪ್ಪು ಹೊಡೆದ.

ಪರೀಕ್ಷೆಗೆ ನಡೆದವಳು ಅವನ ಹೆಂಡತಿ, ಅಲ್ಲಿಯ ನರ್ಸ್. ಫೋನ್ ಕಿವಿಗಿಟ್ಟುಕೊಂಡು ಗಂಡನ ಜೊತೆ ಮಾತಾಡುತ್ತಲೇ ಸೇತುವೆ ದಾಟಿ ಚಿಕ್ಕಳಿಯನಿದ್ದ ಹೊಸ ಕಟ್ಟಡಕ್ಕೆ ಹೋದಳು.

"ರೀ? ಹಲೋ? ಕಟ್ಟಾಯ್ತು ಅನ್ಸುತ್ತೆ."

"ಹಲೋ" ಎಂದ. ಅವಳಿಗೆ ಕೇಳಿಸಲಿಲ್ಲ. ಆದರೆ ಅವಳ ಮಾತು ಇಲ್ಲಿಗೆ ಸ್ಪಷ್ಟವಾಗಿ ಬರುತ್ತಿತ್ತು! ಅವನು ಕೆಡಿಸಿದ್ದು ಇಲ್ಲಿಂದ ಹೋಗುವ ದಾರಿಯನ್ನು ಮಾತ್ರ. ಬರುವ ದಾರಿ ತೆರೆದೇ ಇತ್ತು. ಪಕ್ಕದಲ್ಲಿ ನಿಂತ ಮ್ಯಾನೇಜರ್ ಕಡೆ ತಿರುಗಿ ಆಗಲಿಲ್ಲವೆಂದು ತಲೆಯಾಡಿಸಿದ. ಫೋನ್ ಮಾತ್ರ ಕಿವಿಯಿಂದ ತೆಗೆಯಲಿಲ್ಲ.

"ಅಕ್ಕ, ನಮ್ಮ ಕಡೆಯಿಂದ ಹೋಗ್ತಿದೆ, ಅಲ್ಲಿಂದ ವಾಪಸ್ ಬರ್ತಿಲ್ಲ," ಚಿಕ್ಕಳಿಯನ ದನಿ. "ಭಾವ ಅಂಕಿ ತಪ್ಪು ಹಾಕಿರ್ಬೇಕು. ಕೈತಪ್ಪಿರುತ್ತೆ ಬಿಡಿ."

"ಕೈತಪ್ಪೋದೂ ಇಲ್ಲ, ಏನೂ ಇಲ್ಲ. ಬೇಕಂತಲೇ ಮಾಡಿರ್ತಾರೆ. ನಿಮ್ಮನ್ನ ಕಂಡ್ರೆ ಅವರಿಗೆ ಹೊಟ್ಟೆಕಿಚ್ಚು, ನಂಗೊತ್ತಿಲ್ವಾ?" ಅವಳ ದನಿ ಸಣ್ಣದಾಯಿತು. "ಅಪ್ಪನ ಹತ್ರ ಮಾತ್ರ ಹೇಳ್ಬೇಡಿ. ನಾನು ತಲೆ ಎತ್ತಿ ಓಡಾಡೋ ಹಾಗಿರಲ್ಲ."

"ಛೇ, ಯಾರಿಗೂ ಹೇಳಲ್ಲ. ತಪ್ಪು ನಂದೇ ಅಂತೀನಿ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಈ ದೊಡ್ಡತನವೂ ಚಿಕ್ಕಳಿಯನ ಪಾಲಿಗೇ ಹೋಯಿತಲ್ಲ! ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ. ಆದರೂ ತಪ್ಪು ಅಂಕಿಯನ್ನು ಸರಿಪಡಿಸಲು ಕೂತ; ಕಣ್ಣು ಮಂಜಾಗಿ ಎರಡು ಸಲ ಅಳಿಸಿ ಹೊಡೆಯಬೇಕಾಯಿತು.

"ಹಲೋ," ಎಂದ.

"ಹಾಂ ರೀ, ಈಗ ಕೇಳಿಸ್ತು!" ಎಂದವಳು ತಟ್ಟನೆ ಮಾತು ತಡೆದಳು. "ಆಗ್ಲೇ... ನಾನಿಲ್ಲಿ ಮಾತಾಡಿದ್ದು ಅಲ್ಲಿಗೆ ಬಂತಾ?"

"ಇಲ್ವಲ್ಲ. ಏನಂದೆ?"

"ಏನಿಲ್ಲ ಬಿಡಿ."

ಈಗ ಟನಲ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅವಳು ಉಸಿರೆಳೆದುಕೊಂಡದ್ದೂ ಅವನಿಗೆ ಕೇಳಿಸಿತು.