ಸೌದೆಯ ರುಚಿ

ಅತ್ತೆಯ ಗಂಟಲು ಅಂದರೆ ಗಂಟಲು! ಅವರು ಊಟಕ್ಕೆ ಕರೆದರೆ ಪಕ್ಕದ ಮನೆಯವರೂ ಕೈ ತೊಳೆದುಕೊಳ್ಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಎದೆ ಝಲ್ಲೆನ್ನುತ್ತಿತ್ತು, ಈಗ ಅಭ್ಯಾಸವಾಗಿಹೋಗಿದೆ. ಆದರೆ ಆ ಬೆಳಿಗ್ಗೆ ಅತ್ತೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಈ ಚಳಿಗಾಲದಲ್ಲೂ ಮನೆ ತುಂಬ ಹೊಗೆ ಆದ್ರೆ ಒಲೆ ಗುಜರಿಗೆ! ಕರೆಂಟ್ ಹೀಟರ್ ತರಿಸ್ತೀನಿ, ನೋಡ್ತಾ ಇರಿ!"

ಒಲೆ ಎಂದರೆ ಮುಂದಿನ ಕೋಣೆಯ ಮೂಲೆಯಲ್ಲಿದ್ದ, ಗಾಜಿನ ಬಾಗಿಲಿನ ಕಬ್ಬಿಣದ ಒಲೆ. ಮಾವನಿಗೆ ಅದರ ಮೇಲೆ ಪ್ರಾಣ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಈಗಲೂ ಒಲೆಯ ಪಕ್ಕ ಮೇಜು ಹಾಕಿಕೊಂಡು, ಬೆನ್ನು ಕಾಯಿಸುತ್ತಾ, ಯಾರದೋ ಕೆಟ್ಟ ಗಡಿಯಾರ ಬಿಚ್ಚುತ್ತಿರುತ್ತಾರೆ. ಹೋದ ವರ್ಷ ಅವರೇ ಆರಿಸಿ ತಂದ ಸೌದೆ ಉರಿಯುವ ಬದಲು ಚುಯ್ಯೆಂದು ನೊರೆ ಕಾರಿತು. ಗಾಜೆಲ್ಲ ಕಪ್ಪು, ಮನೆಮಂದಿಯ ಕಣ್ಣುಮೂಗಲ್ಲೆಲ್ಲ ನೀರು. ಮಾವ ಮಾತ್ರ ಚಿಮಣಿಗೆ ಬೈಯುತ್ತಾ ಚಳಿಗಾಲ ಕಳೆದರು.

"ಸೌದೆ ಆರಿಸೋದು ನನಗೆ ಹೇಳಿಕೊಡ್ಬೇಕಾ? ನಡಿಯಮ್ಮ," ಎಂದು ಮಾವ ಸೊಸೆಯನ್ನು ಹೊರಡಿಸಿದರು. ವ್ಯಾನು ಓಡಿಸುವವಳು ಅವಳೇ.

ಸೌದೆ ಡಿಪೋದವನು ಬಾಯಿತುಂಬ ನಗುತ್ತಾ ಎದುರುಗೊಂಡ. "ಬನ್ನಿ ಯಜಮಾನ್ರೆ! ನಿಮಗೇ ಅಂತ ತೆಗೆದಿಟ್ಟಿದೀನಿ. ಒಣಗಿ ಗರಿಗರಿ ಆಗಿದೆ."

ಮಾವ ಎರಡು ಸೀಳು ಎತ್ತಿಕೊಂಡು ಒಂದಕ್ಕೊಂದು ಬಡಿದರು. ಒಣಗಿದ ಸೌದೆ ಟಣ್ ಅನ್ನಬೇಕು, ಹಸಿಯದು ದೊಪ್ ಅನ್ನುತ್ತದೆ. ಮನೆಯಲ್ಲಿ ಕೇಳಿ ಕೇಳಿ ಸೊಸೆಗೆ ಇದು ಬಾಯಿಪಾಠ.

ದೊಪ್.

"ಆಹಾ, ಗಂಟೆ ಹೊಡೆದ ಹಾಗಿದೆ!" ಮಾವ ತಲೆದೂಗಿದರು. "ತುಂಬಿಸಿ."

ಸೊಸೆಗೆ ಒಂದು ಕ್ಷಣ ತನ್ನ ಕಿವಿಯ ಮೇಲೇ ಅನುಮಾನ ಬಂತು. ಮಾವ ಇನ್ನೊಂದು ಸಲ ಬಡಿದರು. ಮತ್ತೆ ದೊಪ್, ಒದ್ದೆ ಹಾಸಿಗೆಗೆ ಗುದ್ದಿದ ಹಾಗೆ. ಮಾವನ ಮುಖದಲ್ಲಿ ಅದೇ ಗೆಲುವು. ಅಯ್ಯೋ, ಇವರಿಗೆ ಕಿವಿ ಕೇಳಿಸುತ್ತಿಲ್ಲ! ಸುಮ್ಮನಿದ್ದರೆ ಒಲೆ ಗುಜರಿಗೆ ಹೋಗುತ್ತದೆ. ಬಾಯಿಬಿಟ್ಟರೆ, ಅದೂ ಈ ಡಿಪೋದವನ ಮುಂದೆ, ಮಾವನ ಮಾನ ಹೋಗುತ್ತದೆ. ಅವನು ಆಗಲೇ ಬುಟ್ಟಿ ಎತ್ತಿಕೊಂಡಿದ್ದ.

ಅಷ್ಟರಲ್ಲಿ ಅವಳಿಗೆ ಮನೆಯ ಮೇಜು ನೆನಪಾಯಿತು. ಮಾವ ಈಚೆಗೆ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಗಡಿಯಾರಕ್ಕೆ ಆನಿಸಿ ಕಣ್ಣು ಮುಚ್ಚಿ ಕೂರುತ್ತಿದ್ದರು. ವಯಸ್ಸಾದವರ ಚಾಳಿ ಎಂದುಕೊಂಡಿದ್ದಳು. ಟಿಕ್ ಟಿಕ್ ಅವರಿಗೆ ಹಲ್ಲಿನ ಮೂಲಕ ಕೇಳಿಸುತ್ತಿತ್ತು!

ಹತ್ತಿರ ಹೋಗಿ, ಅವರ ಮುಖಕ್ಕೆ ನೇರವಾಗಿ ನಿಂತು ಹೇಳಿದಳು: "ಮಾವ, ಗಡಿಯಾರಕ್ಕೆ ಮಾಡ್ತೀರಲ್ಲ, ಹಾಗೆ ಒಂದ್ಸಲ ನೋಡಿ."

ಮಾವನ ಮುಖ ಕೆಂಪಾಯಿತು. ಸೊಸೆ ಕಣ್ಣು ತಗ್ಗಿಸಲಿಲ್ಲ, ನಗಲೂ ಇಲ್ಲ. ಮಾವ ಒಂದು ಸೀಳಿನ ತುದಿಯನ್ನು ಕರವಸ್ತ್ರದಿಂದ ಒರೆಸಿ, ಕಚ್ಚಿ ಹಿಡಿದು, ಇನ್ನೊಂದು ತುದಿಗೆ ಎರಡನೇ ಸೀಳಿನಿಂದ ಬಡಿದರು.

ಡಿಪೋದವನು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತ. "ಏನ್ ಯಜಮಾನ್ರೆ, ತಿಂದು ನೋಡ್ತೀರಾ?"

ಮಾವ ಸಿಪ್ಪೆಯ ಚೂರು ಉಗಿದರು. "ರುಚಿ ನೋಡ್ದೆ ಕಣಯ್ಯ. ಹಸಿ. ಇದನ್ನ ನೀನೇ ಇಟ್ಕೋ."

ಸೌದೆಗೆ ಇಂಥ ಪರೀಕ್ಷೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತೆಪ್ಪಗೆ ಹಿಂದಿನ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ ಬಿರುಕು ಬಿಟ್ಟ, ಹಗುರವಾದ, ಹಳೇ ಸೌದೆ ಸೂರಿನವರೆಗೂ ಪೇರಿಸಿತ್ತು. ಮಾವ ಕಚ್ಚಿದರು, ಬಡಿದರು. ಕಣ್ಣು ಫಳ್ಳೆಂದು ಅರಳಿತು.

"ಟಣ್ ಅಂತಮ್ಮ!" ಎಂದರು ಚಿಕ್ಕ ಮಗುವಿನ ಹಾಗೆ. "ಟಣ್ ಅಂತು!"

ವ್ಯಾನು ಹತ್ತುವಾಗ ಮೆಲ್ಲಗೆ ಹೇಳಿದರು: "ಕಿವಿ ವಿಷಯ ನಿಮ್ಮತ್ತೆಗೆ ಮಾತ್ರ ಬೇಡ. ಮೊದಲೇ ಕೂಗೋ ಹೆಂಗಸು, ಗಾಬರಿ ಬೀಳ್ತಾಳೆ."

ಸಂಜೆ ಒಲೆ ಭಗ್ಗೆಂದು ಹೊತ್ತಿಕೊಂಡಿತು. ಹೊಗೆಯ ಸುಳಿವಿಲ್ಲ. ಗಾಜಿನೊಳಗೆ ಚಿನ್ನದಂಥ ಬೆಂಕಿ, ಬೆಚ್ಚನೆಯ ಕೋಣೆ. ಮಾವ ಒಲೆಗೆ ಬೆನ್ನು ಕೊಟ್ಟು ಗಡಿಯಾರದಲ್ಲಿ ಮುಳುಗಿಹೋಗಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು.

"ಸೌದೆ ಹೇಗೆ ಆರಿಸಿದ್ರೇ ಇವರು?"

"ರುಚಿ ನೋಡಿ ಆರಿಸಿದ್ರು, ಅತ್ತೆ," ಎಂದಳು ಸೊಸೆ.

"ಗಡಿಯಾರಕ್ಕೆ ಮಾಡೋ ಹಾಗೆ, ಹಲ್ಲಲ್ಲಿ ಕಚ್ಚಿ?" ಅತ್ತೆಗೆ ತಟ್ಟನೆ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಹೋದ ವರ್ಷದ ಹೊಗೆಗೂ ಕಿವೀನೇ ಕಾರಣವಾ! ಪಾಪದ ಒಲೆಗೆ ಬೈದ್ನಲ್ಲೇ."

ಸೊಸೆ ಬೆರಗಾದಳು. ಅತ್ತೆ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ಅತ್ತೆ, ನಿಮಗೆ ಗೊತ್ತಿತ್ತಾ?"

"ನೀನು ಈ ಮನೆಗೆ ಬರೋಕ್ಕೆ ಮುಂಚಿಂದ ಗೊತ್ತು. ಇಲ್ದಿದ್ರೆ ನನಗೇನು ಹುಚ್ಚಾ, ದಿನಾ ಗಂಟಲು ಹರ್ಕೊಳ್ಳೋಕೆ? ಅವರಿಗೆ ಹೇಳ್ಬೇಡ ಮತ್ತೆ. ಬೇಜಾರು ಮಾಡ್ಕೋತಾರೆ."

ಆಮೇಲೆ ಸೆರಗು ಸರಿಮಾಡಿಕೊಂಡು, ಉಸಿರೆಳೆದುಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು: "ರೀ! ಊಟಕ್ಕೆ ಬನ್ನಿ!"

"ಬಂದೆ ಮಾರಾಯ್ತಿ," ಎಂದರು ಮಾವ, ಬಾಯಿಂದ ಸ್ಕ್ರೂಡ್ರೈವರ್ ತೆಗೆದು. "ಯಾಕೆ ಹಾಗೆ ಕಿರುಚ್ತೀಯ? ನಾನೇನು ಕಿವುಡನಾ?"