ಎಂಟು ತಿಂಗಳ ಹಾಲು

ಮೂರನೇ ಪುಟದ ನಡುವೆ ಅಂಗೈಯಗಲದ ತೂತು. ಮಂದಾಕಿನಿ ತೆಲುಗು ಪೇಪರನ್ನು ಕಿಟಕಿಗೆ ಹಿಡಿದಳು. ತೂತಿನಾಚೆ ಎದುರು ಮನೆಯ ತಂತಿಯ ಮೇಲೆ ಯಾರದೋ ಪಂಚೆ ಒಣಗುತ್ತಿತ್ತು. ಗಂಡ ರಾಮದಾಸರಾಯರು ಸೆಕ್ರೆಟೇರಿಯಟ್ಟಿನಿಂದ ನಿವೃತ್ತರಾದಂದಿನಿಂದ ಆರೋಗ್ಯದ ಸುದ್ದಿ ಕತ್ತರಿಸುವುದನ್ನೇ ನೌಕರಿ ಮಾಡಿಕೊಂಡಿದ್ದರು. ಹಾಗಲಕಾಯಿಯ ಗುಣ, ಮೊಣಕಾಲಿನ ವ್ಯಾಯಾಮ, ಎಲ್ಲವನ್ನೂ ಊಟಕ್ಕೆ ಕೂತವರಿಗೆ ಓದಿ ಅವರ ಹಸಿವು ಇಂಗಿಸುತ್ತಿದ್ದರು. ಕತ್ತರಿಸಿಯೂ ಓದದೆ ಉಳಿದದ್ದು ಇದೇ ಮೊದಲು. ಅವಳ ಎಡಮೊಲೆಯ ಆಪರೇಷನ್ ಆಗಿ ಆರು ವಾರವಾಗಿತ್ತು.

ಅವಳು ಪೇಪರನ್ನು ಕೈಯಲ್ಲಿ ಹಿಡಿದೇ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದಳು. ಗಂಗೂಬಾಯಿ ತನ್ನ ಮನೆಗೆ ಬಂದ ಅದೇ ಪೇಪರಿನ ಮೇಲೆ ಮೆಂತ್ಯದ ಸೊಪ್ಪು ಹರವಿಕೊಂಡು ಸೋಸುತ್ತಿದ್ದಳು.

"ಯಾಕ್ರಿ ವೈನಿ, ನಿಮ್ಮ ಪೇಪರ್ ಇಲಿ ತಿಂತೇನು?"

"ರಾಯರು ತಿಂದಾರ. ಸ್ವಲ್ಪ ಸೊಪ್ಪು ಸರಸ್ರಿ."

ಸುದ್ದಿ ಸಣ್ಣದು. ಮೊಲೆಯ ಕ್ಯಾನ್ಸರಿಗೆ ವೈರಸ್ಸೂ ಒಂದು ಕಾರಣವಿರಬಹುದೆಂದು ಕೆಲವು ವಿಜ್ಞಾನಿಗಳಿಗೆ ಶಂಕೆ. ಇಲಿಗಳಲ್ಲಿ ಅಂಥದೊಂದು ವೈರಸ್ ತಾಯಿಯ ಹಾಲಿನಿಂದ ಮರಿಗೆ ದಾಟುತ್ತದೆ. ಮನುಷ್ಯರಲ್ಲಿ ಏನೂ ಸಿದ್ಧವಾಗಿಲ್ಲ. ಇಲಿಗಳ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಿದವರು ಮನುಷ್ಯರ ಸರದಿ ಬಂದಾಗ ‘ಬಹುಶಃ’ ಎಂದು ಜಾರಿಕೊಂಡಿದ್ದರು. ಎರಡನೇ ಸಲ ಓದುವಾಗ ಮಂದಾಕಿನಿ ಹೊಸ್ತಿಲ ಮೇಲೇ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂಡಬಾರದೆಂದು ಓಣಿಗೆಲ್ಲ ಬುದ್ಧಿ ಹೇಳುವ ಗಂಗೂಬಾಯಿ ಅವಳ ಮುಖ ನೋಡಿ ಸೊಪ್ಪನ್ನು ಇನ್ನಷ್ಟು ಆಚೆ ಸರಿಸಿದಳು.

ಮಂದಾಕಿನಿಗೆ ನೆನಪಾದವಳು ನೀಲಾ, ಭಾವನ ಮಗಳು. ಆಗ ಕೂಡುಮನೆ, ಯಾರ ಕೂಸು ಅತ್ತರೂ ಎದೆಯಲ್ಲಿ ಹಾಲಿದ್ದವರು ಎತ್ತಿಕೊಳ್ಳುವುದು ರೂಢಿ. ನೀಲಾಳ ತಾಯಿಗೆ ಟೈಫಾಯ್ಡ್ ಬಂದು ಹಾಲು ಬತ್ತಿದಾಗ, ಮಂದಾಕಿನಿ ತನ್ನ ಮಗನ ಜೊತೆಗೆ ಅವಳಿಗೂ ಎಂಟು ತಿಂಗಳು ಕುಡಿಸಿದ್ದಳು. ಮೂವತ್ತು ವರ್ಷ ಅದನ್ನು ಮದುವೆ ಮುಂಜಿವೆಗಳಲ್ಲಿ ಹೇಳಿಕೊಂಡು ಬೀಗಿದ್ದೂ ಉಂಟು.

ಅಂದು ಸಂಜೆ ಆ ನೀಲಾಳೇ ಊರಿನ ಇನ್ನೊಂದು ತುದಿಯ ಮಿಯಾಪುರದಿಂದ ಬಸ್ಸು ಹಿಡಿದು, ಮೂರು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಚಿಕ್ಕಮ್ಮನ ಆರೋಗ್ಯ ವಿಚಾರಿಸಲು ಬಂದಳು.

"ಕಾಕು, ಭಾಳ ಸೊರಗೀರಿ. ಕಾಕಾ ಬರೇ ಹಾಗಲಕಾಯಿ ತಿನ್ನಸ್ಲಿಕ್ಕತ್ತಾರೇನು?"

ರಾಮದಾಸರಾಯರು ಹೆಂಡತಿಯ ಮುಖ ನೋಡಿ, ಕೆಮ್ಮಿ, ಒಳಗೆ ಹೋದರು.

"ನೀಲಾ, ನೀ ಒಮ್ಮೆ ಡಾಕ್ಟರಿಗೆ ಎದಿ ತೋರಸ್ಕೋ."

"ನನಗೇನಾಗ್ಯದ?"

ಮಂದಾಕಿನಿ ಹೇಳಿದಳು. ಇಲಿ, ಹಾಲು, ಎಂಟು ತಿಂಗಳು. ‘ಬಹುಶಃ’ ಎಂಬುದನ್ನು ಮೂರು ಸಲ ಹೇಳಿದಳು. ಹೇಳಿದಷ್ಟೂ ಅದು ಖಾತ್ರಿಯಾದಂತೆ ಕೇಳಿಸಿತು.

ನೀಲಾ ನಕ್ಕಳು. "ನಾನೇನ್ ಇಲಿಮರಿ ಏನು ಕಾಕು? ನೀವು ಕುಡಸದಿದ್ರ ನಾ ಉಳೀತಿದ್ನೇನು?"

"ಕುಡಿಸಿದ್ದಕ್ಕ ಹೆದರಿಕಿ ಬರ್ತದವ್ವಾ."

"ಪೇಪರ್‌ನವರು ನಾಳೆ ಮತ್ತೊಂದು ಬರೀತಾರ. ಡಾಕ್ಟರನ್ನ ಕೇಳೂಣಂತ, ಬಿಡ್ರಿ."

ಕೂಸು ಎದ್ದು ಅತ್ತಿತು. ನೀಲಾ ಮಾತಾಡುತ್ತಲೇ ಗೋಡೆಯ ಕಡೆ ತಿರುಗಿ, ಸೆರಗು ಹೊದಿಸಿ, ಕುಪ್ಪಸದ ಹುಕ್ಕಿಗೆ ಕೈ ಹಾಕಿದಳು. ಮಾತು ನಿಂತಿತು. ಕೈಯೂ ನಿಂತಿತು. ಸೆರಗಿನಡಿ ಕೂಸಿನ ತಲೆ ಆಚೀಚೆ ಹೊರಳುತ್ತ ಹುಡುಕುತ್ತಿತ್ತು.