ಕ್ಯಾಪ್ಟನ್ ಕೊಂಡ ಮನೆ

ಲೋಕದ ಜನ ಮದುವೆಯಾದ ಮೇಲೆ ಮನೆ ಹೂಡುತ್ತಾರೆ. ಚದರಡಿ ಮದುವೆಯಾದ ಮೇಲೆ ಮನೆಗಳಲ್ಲಿ ಹಣ ಹೂಡತೊಡಗಿದ. ಕ್ರಿಯಾಪದ ಒಂದೇ ಆದರೂ ಹೆಂಡತಿಯ ಪಾಲಿಗೆ ಬಂದ ಫಲ ಬೇರೆ.

ಚದರಡಿ ಎಂಬ ಈ ಹೆಸರಿಟ್ಟವನು ಅವನ ಭಾಮೈದ, ಅಂದರೆ ಹೆಂಡತಿಯ ತಮ್ಮ. ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆ ಬರುವ ಮೊದಲೇ ಗೋಡೆಯಿಂದ ಗೋಡೆಗೆ ಕಣ್ಣಿನಲ್ಲೇ ಟೇಪು ಹಿಡಿದು, "ಕಾರ್ಪೆಟ್ ಏರಿಯಾ ಎಷ್ಟು ಬರುತ್ತೆ ಸಾರ್?" ಎಂದು ಕೇಳುವ ಮನುಷ್ಯನಿಗೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ. ಅಡಿಗಳನ್ನು ಚದರವಾಗಿ ಅಳೆಯುವವನ ಸ್ವಂತ ಅಡಿಗಳು ಮಾತ್ರ ಸದಾ ಚದುರಿಯೇ ಇರುತ್ತಿದ್ದವು. ಒಂದು ಕಡೆ ಕೂತವನಲ್ಲ. ಕಾಫಿಯನ್ನು ನಿಂತು ಕುಡಿಯುತ್ತಿದ್ದ, ಊಟವನ್ನು ನಡೆದಾಡುತ್ತ ಮುಗಿಸುತ್ತಿದ್ದ. ಫೋನು ಬಂದರಂತೂ ಬಾಲ್ಕನಿಯಿಂದ ಬಚ್ಚಲಿನವರೆಗೆ ಮೆರವಣಿಗೆ.

ಕಡಲ ದಂಡೆಯುದ್ದಕ್ಕೂ ಕ್ರೇನುಗಳು ಕತ್ತು ಚಾಚಿಕೊಂಡು ನಿಂತಿದ್ದ ಕಾಲ ಅದು. ಕಟ್ಟಡ ಇನ್ನೂ ಬರೀ ಕಂಬಗಳಾಗಿರುವಾಗ ಒಂದು ಫ್ಲ್ಯಾಟ್ ಹಿಡಿಯುವುದು, ಮುಗಿದ ಮೇಲೆ ಸಂಸಾರ ಸಮೇತ ಅದರೊಳಗೆ ಹೋಗಿ ಕೂರುವುದು, ಬೆಲೆ ಏರಿತೋ, ಮಾರಿ ಮುಂದಿನದಕ್ಕೆ ಹಾರುವುದು. ಇದು ಚದರಡಿಯ ಕಸುಬು. ಖಾಲಿ ಮನೆ ನೋಡಿದವರು ಗೋಡೆ ನೋಡುತ್ತಾರೆ, ಬಿರುಕು ಹುಡುಕುತ್ತಾರೆ, ಚೌಕಾಸಿಗೆ ಇಳಿಯುತ್ತಾರೆ. ಜನ ಬಾಳುತ್ತಿರುವ ಮನೆ ನೋಡಿದವರು ಅಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಾರೆ ಎಂಬುದು ಅವನ ಸಿದ್ಧಾಂತ. ಹಾಗಾಗಿ ಸೋಫಾದ ದಿಂಬು ಎತ್ತ ಒರಗಬೇಕು, ಟೀಪಾಯಿಯ ಮೇಲೆ ಯಾವ ಪುಸ್ತಕ ಅರ್ಧ ತೆರೆದಿರಬೇಕು, ಹಣ್ಣಿನ ಬುಟ್ಟಿಯಲ್ಲಿ ಯಾವ ಹಣ್ಣನ್ನು ಯಾರೂ ತಿನ್ನಬಾರದು ಎಂಬುದೆಲ್ಲ ಅವನದೇ ಅಪ್ಪಣೆ.

"ಮನೆ ಅಂದ್ರೆ ಶೋರೂಮಲ್ಲ ರೀ," ಎಂದು ಹೆಂಡತಿ ಅಂದರೆ, "ಶೋರೂಮ್ ಅಲ್ಲ ಕಣೇ, ಮೂರು ಬೆಡ್ರೂಮಿದೆ. ಶೋರೂಮ್ಸು," ಎನ್ನುತ್ತಿದ್ದ.

ಕಡಲಿಗೆ ಅಲೆ, ಇವರಿಗೆ ಅಲೆದಾಟ. ಪ್ಯಾಕಿಂಗ್ ಡಬ್ಬಗಳನ್ನು ಬಿಸಾಡುವುದನ್ನೇ ಬಿಟ್ಟಿದ್ದರು. ಮಡಚಿ ಮಂಚದ ಕೆಳಗೆ ಇಟ್ಟರೆ ಮುಂದಿನ ಸಲಕ್ಕೆ ಆಯಿತು.

ಇದರ ಪೆಟ್ಟು ಬಿದ್ದದ್ದು ಚದರಡಿಯ ತಾಯಿಗೆ. ಅವರ ಕಣ್ಣು ವರ್ಷಗಳಿಂದ ಮಬ್ಬಾಗುತ್ತ ಬಂದು ಈಗ ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಪ್ರತಿ ಹೊಸ ಮನೆಯನ್ನೂ ಅಂಗೈಯಿಂದ, ಅಂಗಾಲಿನಿಂದ ಕಲಿಯಬೇಕಾಗುತ್ತಿತ್ತು. ಕಲಿತು ಮುಗಿಯುವ ಹೊತ್ತಿಗೆ ಮನೆ ಮಾರಾಟವಾಗಿರುತ್ತಿತ್ತು. ಕಳೆದ ಸಲವಂತೂ ಹಿಂದಿನ ಮನೆಯ ಬಚ್ಚಲಿಗೆ ಹೊರಟು ಆಗಷ್ಟೇ ಹೋಗಿದ್ದ ಹೊಸ ಮನೆಯ ಬೀರುವಿಗೆ ಹೊಡೆದುಕೊಂಡರು. ಹಣೆಗೆ ಹೊಲಿಗೆ ಬಿತ್ತು. ಆಮೇಲೆ ಬಹಳ ದಿನ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಹೆಂಡತಿ ಫಿಸಿಯೋಥೆರಪಿಸ್ಟ್. ಬಿದ್ದವರನ್ನು ನಡೆಸುವುದೇ ಅವಳ ಕೆಲಸ. ಈಗಿನ ಮನೆಗೆ ಬಂದ ಮೇಲೆ ಅತ್ತೆಯ ಮೊಣಕೈ ಹಿಡಿದು ದಿನಾ ಬೆಳಿಗ್ಗೆ ನಡೆಸಿದಳು. ಫ್ರಿಜ್ಜಿನ ಗುಂಯ್ ಸದ್ದು ಬಲಕ್ಕಿದ್ದರೆ ಅಡುಗೆಮನೆ, ನೆಲ ತಣ್ಣಗಾದರೆ ರೂಮುಗಳ ನಡುವಿನ ಹಜಾರ, ಎಡಗೆನ್ನೆಗೆ ಗಾಳಿ ಬಡಿದರೆ ಬಾಲ್ಕನಿ. ಒಂದು ಬೆಳಿಗ್ಗೆ ಅತ್ತೆ ಅವಳ ಕೈ ಬಿಡಿಸಿಕೊಂಡು, "ನೀನು ಆಸ್ಪತ್ರೆಗೆ ಹೊರಡು, ಅಲ್ಲಿ ಹೋಗಿ ಯಾರನ್ನಾದ್ರೂ ಎಳೆದಾಡು," ಎಂದು ತಾವೇ ಹೋಗಿ ಕಾಫಿ ಲೋಟ ಸಿಂಕಿನಲ್ಲಿ ಇಟ್ಟು ಬಂದರು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವತ್ತೇ ತೀರ್ಮಾನಿಸಿದಳು, ಈ ಮನೆಯಿಂದ ಅತ್ತೆಯನ್ನು ಎಬ್ಬಿಸಕೂಡದು.

ಗಂಡನಿಗೆ ನೇರವಾಗಿಯೇ ಹೇಳಿ ನೋಡಿದಳು. ಅವನು ಲ್ಯಾಪ್‌ಟಾಪು ಹೊತ್ತುಕೊಂಡು ಅತ್ತಿತ್ತ ನಡೆಯುತ್ತ, "ಬೆಲೆಗೆ ಇದೇ ಪೀಕು ಕಣೇ. ಈಗ ಬಿಟ್ರೆ ಮುಗೀತು. ಅಲ್ಲದೆ ಅಮ್ಮನಿಗೆ ಯಾವ ಮನೆಯಾದ್ರೇನು? ವ್ಯೂ ಇದ್ರೂ ಒಂದೇ, ಇಲ್ದಿದ್ರೂ ಒಂದೇ," ಎಂದುಬಿಟ್ಟ.

ಆಗಲೇ ಅವಳು ತಮ್ಮನಿಗೆ ಫೋನು ಮಾಡಿದ್ದು.

ತಮ್ಮನದು ಜಾಹೀರಾತುಗಳಿಗೆ ದನಿ ಕೊಡುವ ಉದ್ಯೋಗ. ಬೆಳಿಗ್ಗೆ ಹಲ್ಲಿಲ್ಲದ ತಾತ, ಮಧ್ಯಾಹ್ನ ಹಸಿದ ಬೆಕ್ಕು, ಸಂಜೆ ಬ್ಯಾಂಕಿನ ನಂಬಿಕಸ್ಥ ಮ್ಯಾನೇಜರು. ಭಾವನ ವ್ಯಾಪಾರದಲ್ಲೂ ಅವನಿಗೊಂದು ಪಾತ್ರ ಖಾಯಂ ಆಗಿತ್ತು. ಮನೆ ನೋಡಲು ಬಂದವರು ಹಾಲಿನಲ್ಲಿ ನಿಂತು ಅನುಮಾನಿಸುತ್ತಿರುವಾಗ ಚದರಡಿಯ ಫೋನು ರಿಂಗಾಗಬೇಕು. ಸ್ಪೀಕರಿನಲ್ಲಿ ಯಾರೋ ಬಟ್ಟೆ ವ್ಯಾಪಾರಿಯೋ ನಿವೃತ್ತ ಜಡ್ಜೋ, "ನಾನು ನಾಳೆನೇ ಟೋಕನ್ ಅಡ್ವಾನ್ಸ್ ಕೊಡ್ತೀನಿ, ಬೇರೆಯವರಿಗೆ ತೋರಿಸ್ಬೇಡಿ," ಎಂದು ಅಂಗಲಾಚಬೇಕು. ಬಂದವರ ಮುಖ ಬಿಳಿಚಿಕೊಳ್ಳಬೇಕು. ಜಡ್ಜನ ಒಂದೇ ಕೆಮ್ಮಿಗೆ ಎರಡು ಫ್ಲ್ಯಾಟು ಖರ್ಚಾಗಿದ್ದವು.

"ಈ ಸಲ ನಿನ್ನ ಭಾವನಿಗೇ ಮಾಡು," ಎಂದಳು ಅಕ್ಕ.

"ಏನು, ಫೋನಾ?"

"ಫೋನೂ ಮಾಡು, ಮೋಸಾನೂ ಮಾಡು. ಕೊಳ್ತೀನಿ ಅನ್ನು, ಕಾಯಿಸು. ಇನ್ಯಾರಿಗೂ ತೋರಿಸ್ಬಾರ್ದು ಅನ್ನು. ಇಲ್ಲೇ ಒಂದಷ್ಟು ದಿನ ಬೇರು ಬಿಟ್ರೆ ಅವರಿಗೂ ಕೀಳೋಕೆ ಮನಸ್ಸು ಬರಲ್ಲ."

"ಅಕ್ಕಾ, ಭಾವ ಗಿಡ ಅಲ್ಲ, ಟ್ರಾಲಿ. ಅದಕ್ಕೆ ಬೇರಲ್ಲ, ಗಾಲಿ."

ಹಾಗಂದವನೇ ಮರುದಿನ ಗೆಳೆಯನ ಫೋನಿನಿಂದ ಕರೆ ಮಾಡಿದ. ಚದರಡಿಯ ಸ್ಪೀಕರಿನಲ್ಲಿ ಗಂಟಲಿನ ತಳದಿಂದ ಎದ್ದು ಬಂದ ದನಿ. "ನಮಸ್ಕಾರ, ನಾನು ಕ್ಯಾಪ್ಟನ್. ಹಡಗಿನಿಂದ ಮಾತಾಡ್ತಾ ಇದ್ದೀನಿ. ಇಡೀ ಆಯುಷ್ಯ ಸಮುದ್ರದ ಮೇಲೆ ಕಳೆದೆ. ಇನ್ನು ಅದನ್ನ ದೂರದಿಂದ ನೋಡ್ಕೊಂಡಿರೋಣ ಅಂತ." ಹಿಂದೆ ಎಂಜಿನ್ನಿನ ಗಡಗಡ ಸದ್ದು ಬೇರೆ. ನೀವು ಕೇಳಿದ ಬೆಲೆಗಿಂತ ಮೇಲೆ ಕೊಡುತ್ತೇನೆ, ಹಡಗು ದಡ ಸೇರುವವರೆಗೆ ಯಾರಿಗೂ ತೋರಿಸಬಾರದು ಎಂಬುದು ಕರಾರು. ಚದರಡಿ ಫೋನನ್ನು ಎದೆಗೆ ಒತ್ತಿಕೊಂಡು ಹೆಂಡತಿಗೆ ಹೆಬ್ಬೆರಳು ತೋರಿಸಿದ.

ಅವನು ಕೆಳಗೆ ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದರು.

"ಕ್ಯಾಪ್ಟನ್ ಹಡಗಿನ ಎಂಜಿನ್ನು ಕೊನೇಲಿ ಬಟ್ಟೆ ಹಿಂಡೋಕೆ ಶುರು ಮಾಡ್ತು, ಕೇಳಿಸ್ಕೊಂಡ್ಯಾ?"

ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು.

"ವಾಷಿಂಗ್ ಮಷೀನ್ ಹತ್ರ ಕೂತು ಮಾತಾಡ್ಬೇಡ ಅನ್ನು ನಿನ್ನ ತಮ್ಮನಿಗೆ. ಕಣ್ಣಿರೋರನ್ನ ಏಮಾರಿಸ್ಬಹುದು, ನನ್ನಂಥೋರಿಗೆ ಸ್ವಲ್ಪ ಮರ್ಯಾದೆ ಕೊಡ್ಬೇಕಪ್ಪ."

"ಅತ್ತೆ, ಅವರಿಗೆ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ? ನನಗೇನೂ ಕಾಣಲ್ವಲ್ಲ."

ಕ್ಯಾಪ್ಟನ್ ವಾರಕ್ಕೊಂದು ಸಲ ಬೇರೆ ಬೇರೆ ಬಂದರುಗಳಿಂದ ಮಾತಾಡಿದ. ಚದರಡಿ ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿದ. ಫೋಟೋ ನೋಡಿಯೇ ಮರುಳಾಗಿದ್ದ ಹಲ್ಲಿನ ಡಾಕ್ಟರ್ ದಂಪತಿಗಳಿಗೂ, "ಸಾರಿ ಡಾಕ್ಟ್ರೇ, ಕೊಟ್ಟಾಯ್ತು," ಎಂದುಬಿಟ್ಟ. ಆದರೆ ಹೆಂಡತಿ ಎಣಿಸಿದ್ದ ಬೇರು ಎಲ್ಲೂ ಕಾಣಲಿಲ್ಲ. ಮನೆ ಮಾರಿಯೇ ಹೋಯಿತು ಎಂಬ ಖುಷಿಗೆ ಅವನ ಓಡಾಟ ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ಒಂದು ಕಟ್ಟಡ, ಮಧ್ಯಾಹ್ನ ಇನ್ನೊಂದು. ಶೂಗಳಲ್ಲಿ ಸದಾ ಸಿಮೆಂಟಿನ ಪುಡಿ.

ಒಂದು ಸಂಜೆ ಸಿಹಿ ಡಬ್ಬಿ ಹಿಡಿದು ಬಂದ. ಅದನ್ನು ಇಡುವುದನ್ನೂ ಮರೆತು ಹಾಲಿನಲ್ಲಿ ಸುತ್ತು ಹೊಡೆಯುತ್ತ ಹೇಳಿದ. "ಹೊಸ ಟವರಿನಲ್ಲಿ ಹಿಡಿದೆ ಕಣೇ. ಒಂದಲ್ಲ, ಅಕ್ಕಪಕ್ಕದ ಎರಡು! ಒಂದೇ ಸಾಕು ಅಂತಿದ್ದೆ. ಆ ಸೇಲ್ಸ್ ಹುಡುಗಿಗೆ ಅಷ್ಟರಲ್ಲಿ ಯಾರೋ ಫೋನ್ ಮಾಡಿ ಇನ್ನೊಂದನ್ನ ಕೇಳಿದ್ರು. ತಡ ಮಾಡಿದ್ರೆ ಹೋಗಿಬಿಡ್ತಿತ್ತು!"

ಇದ್ದ ಉಳಿತಾಯವೆಲ್ಲ ಬುಕಿಂಗಿಗೆ ಹೋಗಿತ್ತು. ಮುಂದಿನ ಕಂತು ಕ್ಯಾಪ್ಟನ್ ಕೊಡಬೇಕಾದ ಹಣದಿಂದ ಹೋಗಬೇಕು. ಹೋಗದಿದ್ದರೆ ಬುಕಿಂಗೂ ಮುಳುಗುತ್ತದೆ. ಮನೆ ಉಳಿಸಲು ಹುಟ್ಟಿಸಿದ ಕ್ಯಾಪ್ಟನ್ ಮನೆಯನ್ನೇ ಮಾರುವ ಹಾಗೆ ಮಾಡಿ ಕೂತಿದ್ದ.

"ರೀ, ಕೂತ್ಕೊಳ್ಳಿ."

"ಯಾಕೆ?"

"ಕ್ಯಾಪ್ಟನ್ ಇಲ್ಲ."

"ಇಲ್ಲ ಅಂದ್ರೆ? ಹೋಗ್ಬಿಟ್ರಾ? ಪಾಪ, ಮೊನ್ನೆ ತಾನೇ ಮಾತಾಡಿದ್ರು—"

"ಹುಟ್ಟೇ ಇರ್ಲಿಲ್ಲ. ನನ್ನ ತಮ್ಮ."

ಚದರಡಿ ಕೂರಲಿಲ್ಲ. ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಬಾಲ್ಕನಿಗೆ ಹೋದ, ಬಂದ. "ನಾನು ಕಲಿಸಿದ ಆಟ ನನ್ನ ಮೇಲೇ ಆಡಿದ್ರಾ? ಅಕ್ಕ ತಮ್ಮ ಸೇರ್ಕೊಂಡು?" ದನಿ ಏರುತ್ತ ಹೋಯಿತು. "ಬಂದರು ಬಂದರು ಅಂತ ಕಾದೆನಲ್ಲೇ! ಆ ಕ್ಯಾಪ್ಟನ್ ಸೊಂಟನೋವು ಹೇಗಿದೆ ಅಂತ ವಿಚಾರಿಸ್ತಿದ್ದೆ ನಾನು!"

"ನಿಮ್ಮ ಅಮ್ಮ ಹೇಗಿದ್ದಾರೆ ಅಂತ ವಿಚಾರಿಸಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

ಅವನು ಹಲ್ಲಿನ ಡಾಕ್ಟರಿಗೆ ಫೋನು ಹಚ್ಚಿದ. ಮೊದಲು ಒಪ್ಪಿದ್ದ ಪಾರ್ಟಿ ಹಿಂದೆ ಸರಿದರು, ನಾಳೆಯೇ ಬನ್ನಿ ಎಂದ. ಆಮೇಲೆ ಭಾಮೈದನಿಗೆ. "ನಾಳೆ ಸಂಜೆ ಅವರು ಹಾಲಿಗೆ ಬಂದ ಮೇಲೆ ಮಿಸ್ಡ್ ಕಾಲ್ ಕೊಡ್ತೀನಿ. ನಿನ್ನ ಆ ದರಿದ್ರ ಕ್ಯಾಪ್ಟನ್ ಇದಾನಲ್ಲ, ಅವನ ದನಿಯಲ್ಲೇ ಫೋನ್ ಮಾಡು. ಬೆಲೆ ಏರಿಸು. ಹಾಳು ಮಾಡಿದ್ದನ್ನ ನೀನೇ ಸರಿಮಾಡು."

ಮನೆ ನೋಡಲು ಜನ ಬಂದಾಗ ಮನೆಯವರು ಮಾಯವಾಗಬೇಕು ಎಂಬುದು ಚದರಡಿಯ ನಿಯಮ. ಹೆಂಡತಿ ಅತ್ತೆಯನ್ನು ಕರೆದುಕೊಂಡು ಎದುರಿನ ಪಾರ್ಕಿಗೆ ಹೋಗಿ ಕೂರುವುದು ವಾಡಿಕೆ. ಮರುದಿನ ತಾಯಿ ಕುರ್ಚಿಯಿಂದ ಏಳಲಿಲ್ಲ.

"ನಾನು ಬರಲ್ಲ. ಮನೆ ನೋಡೋಕೆ ಬರೋರಿಗೆ ಮನೆ ಗೊತ್ತಿರೋರು ಒಬ್ರು ಬೇಡ್ವಾ?"

"ಅಮ್ಮಾ, ಸುಮ್ನೆ ತೊಂದ್ರೆ ಮಾಡ್ಬೇಡ."

"ತೊಂದ್ರೆ ಯಾಕೋ ಮಾಡ್ಲಿ? ಮಾರಿಕೊಡ್ತೀನಿ ಬಾ."

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಡಾಕ್ಟರು ಒಳಗೆ ಬಂದವರೇ ಸೀಲಿಂಗಿನ ಮೂಲೆಗಳನ್ನು ದವಡೆ ಹಲ್ಲುಗಳಂತೆ ತಲೆಯೆತ್ತಿ ಪರೀಕ್ಷಿಸಿದರು. ಅವರ ಹೆಂಡತಿ ಪರದೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಚದರಡಿ ತನ್ನ ಎಂದಿನ ಪಾಠ ಶುರುಮಾಡುವ ಮೊದಲೇ ತಾಯಿ ಎದ್ದು ನಿಂತರು.

"ಬನ್ನಿ," ಎಂದು ಮುಂದೆ ನಡೆದರು.

ಗೋಡೆ ಹಿಡಿಯಲಿಲ್ಲ, ಕೋಲು ಹಿಡಿಯಲಿಲ್ಲ. ಟೀಪಾಯಿಯ ಅಂಚಿಗೆ ಸೆರಗೂ ತಾಗದಂತೆ ತಿರುಗಿದರು. "ಇದು ಅಡುಗೆಮನೆ. ಸಿಂಕು ಸ್ವಲ್ಪ ಎತ್ತರ ಆಯ್ತು, ಕುಳ್ಳಗಿರೋರಿಗೆ ಭುಜ ನೋಯುತ್ತೆ. ಈ ರೂಮಿನಲ್ಲಿ ಮಧ್ಯಾಹ್ನ ಮಲಗ್ಬೇಡಿ, ಲಿಫ್ಟು ಕಿವೀಲೇ ಓಡಾಡುತ್ತೆ. ಇಲ್ಲಿ ಒಂದು ಮೆಟ್ಟಿಲಿದೆ, ನೋಡ್ಕೊಳ್ಳಿ ಡಾಕ್ಟ್ರೇ." ನೋಡಿಕೊಳ್ಳದ ಡಾಕ್ಟರು ಎಡವಿದರು. ತಾಯಿ ಬಾಲ್ಕನಿಯ ಬಾಗಿಲಿನ ಚಿಲಕಕ್ಕೆ ನೇರವಾಗಿ ಕೈ ಹಾಕಿ ಸರಿಸಿ, ಹೊರಗೆ ಕಾಲಿಟ್ಟು ಮುಖ ತಿರುಗಿಸಿದರು. "ಇಲ್ಲಿ ನಿಂತ್ರೆ ಸಮುದ್ರ ಎಡಗೆನ್ನೆಗೆ ಬರುತ್ತೆ. ಮಳೆ ಬರೋ ಹಾಗಿದ್ರೆ ಒಂದು ಗಂಟೆ ಮುಂಚೆನೇ ಉಪ್ಪಿನ ವಾಸನೆ ಹೇಳಿಬಿಡುತ್ತೆ."

ಹಿಂದೆ ಹಿಂದೆ ಬರುತ್ತಿದ್ದ ಚದರಡಿ ಹಜಾರದಲ್ಲೇ ನಿಂತುಬಿಟ್ಟಿದ್ದ. ಅವನು ಮನೆಗೆ ಬಂದಾಗಲೆಲ್ಲ ತಾಯಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರು ಕೈ ಬೀಸಿಕೊಂಡು ನಡೆಯುವುದನ್ನು ಅವನು ಯಾವ ಮನೆಯಲ್ಲೂ ಕಂಡಿರಲಿಲ್ಲ. ಅವರ ಹಣೆಯ ಹೊಲಿಗೆಯ ಗೆರೆ ಬಾಲ್ಕನಿಯ ಬೆಳಕಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೆಂಡತಿ ಗಂಡನನ್ನೇ ನೋಡುತ್ತಿದ್ದಳು.

"ನಮಗೆ ಒಪ್ಪಿಗೆ," ಎಂದಳು ಡಾಕ್ಟರ ಹೆಂಡತಿ. "ಎಷ್ಟೋ ಮನೆ ನೋಡಿದ್ವಿ, ಹೀಗೆ ಯಾರೂ ತೋರಿಸ್ಲಿಲ್ಲ. ನೀವು ಕೇಳಿದ್ದನ್ನೇ ಕೊಡ್ತೀವಿ, ಬಿಡಿ."

ತಾಯಿ ನಿಜಕ್ಕೂ ಮನೆ ಮಾರಿಕೊಟ್ಟಿದ್ದರು.

"ಈ ಗೋಡೆ ಮಾತ್ರ ಒಡೆಸ್ಬೇಕು," ಎಂದು ಡಾಕ್ಟರು ಹಜಾರದ ಗೋಡೆಯನ್ನು ಗೆಣ್ಣಿನಿಂದ ಕುಟ್ಟಿದರು. "ತೆಗೆದ್ರೆ ಎಲ್ಲಾ ಒಂದೇ ಓಪನ್ನು."

ಅಷ್ಟು ಹೊತ್ತು ಯಾವ ಗೋಡೆಯನ್ನೂ ಮುಟ್ಟದಿದ್ದ ತಾಯಿಯ ಕೈ ಬಂದು ಆ ಗೋಡೆಯ ಮೇಲೆ ಕೂತಿತು.

ಚದರಡಿ ಆ ಕೈಯನ್ನೇ ನೋಡುತ್ತ ಜೇಬಿನೊಳಗೇ ಮಿಸ್ಡ್ ಕಾಲ್ ಕೊಟ್ಟ. ಕೂಡಲೇ ಫೋನು ಬಂತು, ಸ್ಪೀಕರಿಗೆ ಹಾಕಿದ.

"ನಮಸ್ಕಾರ, ಕ್ಯಾಪ್ಟನ್ ಮಾತಾಡ್ತಿರೋದು. ನಾನು ಇನ್ನೂ ಮೇಲಕ್ಕೆ ಹೋಗೋಕೆ ತಯಾರಿದ್ದೀನಿ. ಮನೆ ಬೇರೆಯವರಿಗೆ ಕೊಡ್ಬೇಡಿ."

"ಆಯ್ತು ಕ್ಯಾಪ್ಟನ್. ಕೊಡಲ್ಲ," ಎಂದ ಚದರಡಿ. "ಮನೆ ನಿಮ್ಮದೇ. ಮುಗೀತು."

ಆ ಕಡೆ ಹಡಗು ಗಕ್ಕನೆ ನಿಂತಂತಾಯಿತು. ಆಮೇಲೆ ತೀರ ಎಳಸು ದನಿಯೊಂದು, "ನಂದಾ? ಭಾವ, ನಾನು ಯಾವ ದುಡ್ಡಲ್ಲಿ—" ಎನ್ನುವಷ್ಟರಲ್ಲಿ ಚದರಡಿ ಫೋನು ಕತ್ತರಿಸಿದ.

ಡಾಕ್ಟರ ಹೆಂಡತಿಯ ಹುಬ್ಬು ಮೇಲೇರಿತು. "ಕ್ಯಾಪ್ಟನ್ ನಿಮ್ಮನ್ನ ಭಾವ ಅಂತಾರಾ?"

"ಹಡಗಿನವರು ಮೇಡಂ. ಎಲ್ಲಾ ಬಂದರಲ್ಲೂ ಸಂಬಂಧ ಇಟ್ಕೊಂಡಿರ್ತಾರೆ."

"ಕೊಡೋ ಮನಸ್ಸಿಲ್ದಿದ್ರೆ ಕರೆಸಿದ್ಯಾಕ್ರೀ?" ಎಂದು ಡಾಕ್ಟರು ಕೂಗಾಡಿದರು. ಚದರಡಿ ಕೈ ಮುಗಿದು ಲಿಫ್ಟಿನವರೆಗೆ ಬಿಟ್ಟು ಬಂದ.

ಬಾಗಿಲು ಹಾಕಿದ ಮೇಲೆ ಮನೆ ಸುಮ್ಮನಾಯಿತು. ಅವನು ಮಾತ್ರ ಸುಮ್ಮನಿರಲಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಹಜಾರಕ್ಕೆ. "ಬುಕಿಂಗ್ ಹೋಯ್ತು. ಎರಡೂ ಹೋಯ್ತು. ಬಿಲ್ಡರ್ ಒಂದು ಪೈಸೆ ವಾಪಸ್ ಕೊಡಲ್ಲ. ನಾಳೆ ಬೆಳಿಗ್ಗೆ ನಾನು ಏನು ಮಾಡ್ಲಿ?"

"ನಂಗೊತ್ತಿಲ್ಲ," ಎಂದಳು ಹೆಂಡತಿ. "ಹೇಗೋ ಆಗುತ್ತೆ. ನನ್ನ ಸಂಬಳ ಇದೆ."

"ಯಾರೂ ನೋಡೋಕೆ ಬರದ ಮನೇಲಿ ಹೇಗೆ ಇರೋದು ಅಂತಾನೇ ನಂಗೆ ಗೊತ್ತಿಲ್ವಲ್ಲೇ!"

ಮತ್ತೆ ಬಾಲ್ಕನಿಗೆ, ಮತ್ತೆ ಒಳಗೆ. ಹಜಾರದಿಂದ ಬರುತ್ತಿದ್ದ ತಾಯಿ ನಡುವೆ ನಿಂತು ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು.

"ಓಡಾಡೋದು ನಿಲ್ಸೋ. ನೀನು ಎಲ್ಲಿದ್ದೀಯ ಅಂತ ತಿಳಿಯದೆ ನನಗೆ ದಾರಿ ತಪ್ಪುತ್ತೆ."

ಅವನು ಇದ್ದಲ್ಲೇ ನಿಂತ. ಸೋಫಾ, ಊಟದ ಮೇಜು, ಬಾಲ್ಕನಿಯ ಬೆತ್ತದ ಕುರ್ಚಿ, ಒಂದೊಂದನ್ನೇ ಮೊದಲ ಸಲ ಕಂಡವನಂತೆ ನೋಡಿದ.

"ಎಲ್ಲಿ ಕೂರ್ಲಮ್ಮಾ?"

"ಎಲ್ಲಾದ್ರೂ ಕೂರು," ಎಂದರು ತಾಯಿ. "ನಾಳೆನೂ ಅಲ್ಲೇ ಕೂರು."